ಮಳೆಗಾಲದ ಬೆಳಗಿನ ಹೊಟ್ಟೆನೋವು: ಪೋಷಕರಿಗೆ ಏನು ಹೇಳಬೇಕು?

ಮೂಡಿಗೆರೆ_ಮಿಸ್ ಕೇಳಿದ್ದು:
ಮೂರನೇ ತರಗತಿ. ಜೂನ್ ಕೊನೆಯಿಂದ ನಾಲ್ಕೈದು ಮಕ್ಕಳಿಗೆ ಸೋಮವಾರ, ಇಲ್ಲವೇ ಮಳೆ ರಜೆ ಮುಗಿದ ಮರುದಿನ, ಬೆಳಿಗ್ಗೆ ಹೊಕ್ಕುಳ ಸುತ್ತ ನೋವು. ಹತ್ತು ಗಂಟೆ ಕಳೆದರೆ ಆಡಿಕೊಂಡಿರುತ್ತಾರೆ. ಮಲಗೋದು ಹತ್ತೂವರೆ–ಹನ್ನೊಂದಕ್ಕೆ, ಏಳೋದು ಆರೂವರೆಗೆ. ಸಂಜೆ ಒಂದು ಲೋಟ ಕಾಫಿ. ಹೊರಗೆ ಆಟವಿಲ್ಲ, ಕೈಯಲ್ಲಿ ಮೊಬೈಲು. ಶನಿವಾರ ಪೋಷಕರ ಸಭೆ ಇದೆ. ಮನೆಯಲ್ಲಿ ಮಾಡಿ ನೋಡುವಂಥದ್ದು ಏನು ಹೇಳಲಿ?

ಹಾಸನ_ಸಿಸ್ಟರ್:
ಮಿಸ್, ಮನಸ್ಸಿನ ಮಾತಿಗಿಂತ ಮೊದಲು ಹೊಟ್ಟೆಯನ್ನೇ ವಿಚಾರಿಸಿ. ನೋವಿಗೆ ರಾತ್ರಿ ನಿದ್ದೆಯಿಂದ ಎಚ್ಚರವಾಗೋದು, ತೂಕ ಇಳಿಯೋದು, ಜ್ವರ, ಮತ್ತೆಮತ್ತೆ ವಾಂತಿ, ಮಲದಲ್ಲಿ ರಕ್ತ, ಹೊಕ್ಕುಳಿನಿಂದ ದೂರ ಒಂದೇ ಜಾಗದಲ್ಲಿ ನೋವು: ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಬಲಗಡೆ ಕೆಳಹೊಟ್ಟೆ ನೋವು ಏರುತ್ತಾ ಹೋದರೆ ಅದೇ ದಿನ.

ಇವು ಯಾವುದೂ ಇಲ್ಲದಿದ್ದರೆ ಮಲಬದ್ಧತೆ ಇದೆಯಾ ಕೇಳಿ. ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿದು ಎಷ್ಟೋ ಮಕ್ಕಳು ಸಂಜೆವರೆಗೆ ತಡೆಹಿಡಿಯುತ್ತಾರೆ. ಮಲ ಒಳಗೇ ಉಳಿದಷ್ಟೂ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ಆ ಭಯಕ್ಕೆ ಮತ್ತೆ ತಡೆಯುತ್ತಾರೆ. ತಿಂಡಿ ತಿಂದ ಮೇಲೆ ಕರುಳು ತಾನಾಗೇ ಚುರುಕಾಗುತ್ತದೆ. ಹಾಗಾಗಿ ತಿಂಡಿ ಇಪ್ಪತ್ತು ನಿಮಿಷ ಬೇಗ ಕೊಟ್ಟು ಐದರಿಂದ ಹತ್ತು ನಿಮಿಷ ಕೂರಿಸಲಿ. ಕಮೋಡ್ ಆದರೆ ಕಾಲಡಿಗೆ ಒಂದು ಮಣೆ. ಊಟದಲ್ಲಿ ಹುರುಳಿ, ಅಲಸಂದೆ, ಸೊಪ್ಪು ಇರಲಿ. ಚಳಿಗೆ ಮಕ್ಕಳು ನೀರು ಕೇಳೋದೇ ಇಲ್ಲ, ಬಿಸಿನೀರು ಕೊಟ್ಟು ಕಳಿಸಲಿ. ಜಂತುಹುಳುವಿನ ಮಾತ್ರೆ, ಅಂದರೆ ಅಲ್ಬೆಂಡಜೋಲ್ 400 ಮಿ.ಗ್ರಾಂ, ಶಾಲೆಯಲ್ಲಿ ಕೊಟ್ಟ ದಿನ ಯಾರು ಗೈರಾಗಿದ್ದರು ನೋಡಿ.

ಕಾಫಿ ಬಗ್ಗೆ ನನ್ನದು ಖಡಾಖಂಡಿತ ಮಾತು: ಎಂಟು ವರ್ಷದ ಮಗುವಿಗೆ ಬೇಡವೇ ಬೇಡ. ಸಂಜೆ ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು, ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ. ಊಟದ ಜೊತೆ ಕುಡಿದರೆ ಸೊಪ್ಪು, ರಾಗಿಯ ಕಬ್ಬಿಣಾಂಶವೂ ಸರಿಯಾಗಿ ಹತ್ತುವುದಿಲ್ಲ. ದಿನಾ ಕುಡಿದು ರೂಢಿಯಾದವರಿಗೆ ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರಬಹುದು. ಅರ್ಧ ಲೋಟ, ಆಮೇಲೆ ಕಾಲು ಲೋಟ, ಒಂದು ವಾರದಲ್ಲಿ ರಾಗಿ ಮಾಲ್ಟು.

ಮಲ್ನಾಡ್_ಆಪ್ತಸಲಹೆ:
ಸಿಸ್ಟರ್ ಹೇಳಿದ್ದು ಆದಮೇಲೆ ನನ್ನ ಮಾತು.

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಈ ಮಕ್ಕಳಿಗೆ ಸಿಗುತ್ತಿರೋದು ಎಂಟು ಗಂಟೆ, ಕೆಲವರಿಗೆ ಅದೂ ಇಲ್ಲ. ಆದರೆ ನಾಳೆಯಿಂದ ಒಂಬತ್ತಕ್ಕೇ ಮಲಗಿಸಿ ಅಂದರೆ ಕತ್ತಲಲ್ಲಿ ಹೊರಳಾಡುತ್ತಾರೆ, ನಾಳಿನ ಶಾಲೆಯನ್ನೇ ನೆನೆಸುತ್ತಾರೆ. ಮಲಗೋ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಮುಂಚೆ ತನ್ನಿ. ಮಲಗೋಕೆ ಒಂದು ಗಂಟೆ ಮುಂಚೆ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಅಪ್ಪ ಅಮ್ಮಂದೂ ಅಲ್ಲೇ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಮಳೆ ರಜೆ. ಶಾಲೆಗೆ ಅಂಜುವ ಮಗುವಿಗೆ ರಜೆ ಘೋಷಣೆಯಾದ ಕೂಡಲೇ ಎದೆಯ ಭಾರ ಇಳಿಯುತ್ತದೆ. ತಪ್ಪಿಸಿಕೊಂಡರೆ ಹಗುರ ಅನ್ನೋದನ್ನು ಮೈ ಕಲಿತುಬಿಡುತ್ತದೆ, ಮುಂದಿನ ದಿನ ಅಂಜಿಕೆ ಇನ್ನೂ ಜಾಸ್ತಿ. ಅದಕ್ಕೇ ರಜೆಯ ದಿನವೂ ಏಳೋದು ಅದೇ ಹೊತ್ತಿಗೆ, ಸ್ನಾನ, ತಿಂಡಿ, ಒಂದು ಗಂಟೆ ಪುಸ್ತಕ. ಮೈದಣಿಯುವ ಆಟ ದಿನಕ್ಕೆ ಒಟ್ಟು 60 ನಿಮಿಷ ಬೇಕು. ಜಗಲಿಯಲ್ಲಿ ಹಗ್ಗದಾಟ, ಕುಂಟಾಬಿಲ್ಲೆ, ಬಿಡಿಬಿಡಿಯಾಗಿ ಆದರೂ ಲೆಕ್ಕಕ್ಕೆ ಬರುತ್ತದೆ.

ನೋವಿನ ಬೆಳಿಗ್ಗೆ ಅಮ್ಮ ಹೇಳಬೇಕಾದ್ದು ಇಷ್ಟೇ: "ನೋಯ್ತಿದೆ ಅಂತ ಗೊತ್ತು ಮಗಾ. ಬಿಸಿನೀರು ಕುಡಿ, ಹೊರಡೋಣ." ನೋವು ನಿಜ, ಅದನ್ನು ಅಲ್ಲಗಳೆಯಬಾರದು. ಹಾಗಂತ ಎದ್ದಕೂಡಲೇ "ಇವತ್ತು ಹೊಟ್ಟೆ ಹೆಂಗಿದೆ?" ಅಂತ ಕೇಳಲೂಬೇಡಿ, ಮಗುವಿನ ಗಮನ ಅಲ್ಲಿಗೇ ಹೋಗುತ್ತದೆ. ಅನಿವಾರ್ಯವಾಗಿ ಮನೆಯಲ್ಲುಳಿದರೆ ಟಿವಿ, ಮೊಬೈಲು ಇಲ್ಲ.

ಮೂಡಿಗೆರೆ_ಮಿಸ್:
ಒಬ್ಬ ಹುಡುಗನಿಗೆ ಮಾತ್ರ ವಾರದ ಯಾವ ದಿನವಾದರೂ ಬರುತ್ತದೆ, ಅದೂ ಕನ್ನಡ ಪಿರಿಯಡ್ ಹೊತ್ತಿಗೆ.

ಮಲ್ನಾಡ್_ಆಪ್ತಸಲಹೆ:
ಹಾಗಾದರೆ ಅವನನ್ನು ಒಂಟಿಯಾಗಿ ಕೂರಿಸಿ ಓದಿಸಿ, ತರಗತಿ ಮುಂದೆ ಬೇಡ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾನಾ, ಮೊದಲ ಅಕ್ಷರ ನೋಡಿ ಪದ ಊಹಿಸುತ್ತಾನಾ, ಬಾಯಲ್ಲಿ ಸರಿ ಹೇಳಿದ್ದನ್ನು ಬರೆಯೋಕೆ ಆಗೋದಿಲ್ಲವಾ ಗಮನಿಸಿ. ಕಣ್ಣು, ಕಿವಿ ಪರೀಕ್ಷೆಯೂ ಆಗಲಿ. ಓದಿನ ತೊಂದರೆ ಇದ್ದರೆ ನಿದ್ದೆ ಸರಿಮಾಡಿದ ಮಾತ್ರಕ್ಕೆ ನೋವು ಹೋಗೋದಿಲ್ಲ. ಅಲ್ಲಿವರೆಗೆ ಅವನ ಸರದಿ ಬಂದಾಗ ಹಿಂದಿನ ದಿನವೇ ತೋರಿಸಿಕೊಟ್ಟ ಎರಡು ಸಾಲು ಮಾತ್ರ ಓದಿಸಿ.

ಎರಡು ಮೂರು ವಾರಕ್ಕೂ ಬದಲಾವಣೆ ಕಾಣದಿದ್ದರೆ, ಅಥವಾ ಮಗು ಊಟ, ಆಟ, ಗೆಳೆಯರು ಎಲ್ಲದರಿಂದ ಹಿಂದೆ ಸರಿದರೆ, ಪೋಷಕರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಲಿ. ಉಚಿತ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಹೊಡೆಯುತ್ತಿದ್ದಾರೆ, ಮುಟ್ಟಬಾರದಂತೆ ಮುಟ್ಟುತ್ತಿದ್ದಾರೆ ಅನ್ನೋ ಸುಳಿವು ಸಿಕ್ಕರೆ ಮೂರು ವಾರ ಕಾಯಬೇಡಿ, ಆಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ.