ಸ್ಟೆಲ್ತ್‌ಗೆ ‘ಅದೃಶ್ಯ’ ಸರಿಯೇ? ಜೊತೆಗೆ ‘ನಾಲ್ಕೂವರೆ ತಲೆಮಾರು’

ಎಲ್ಲರಿಗೂ ನಮಸ್ಕಾರ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋಗೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಆಗ ಅವಳು ಏಳನೇ ಕ್ಲಾಸು. ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಒಂದೇ ಕಡೆ ಬಂದಿದ್ದ ವರ್ಷ ಅದು. ಹುಡುಗಿ ಪೇಪರಿನಲ್ಲಿ ‘ಅದೃಶ್ಯ ಯುದ್ಧವಿಮಾನ’ ಅಂತ ಓದಿಕೊಂಡು ಬಂದಿದ್ದಳು. ವಿಮಾನ ನೋಡಿ, “ಮಾಮ, ಕಾಣ್ತಾ ಇದೆಯಲ್ಲ?” ಅಂದಳು. ತಮಾಷೆಗೆ ಕೇಳಿದ್ದಲ್ಲ. ಪಾಪ, ನಿಜವಾಗಿಯೂ ಪೆಚ್ಚಾಗಿದ್ದಳು.

ಈಗ ಒಂದು ಮಕ್ಕಳ ಗೋಡೆಪತ್ರಿಕೆಗೆ ಇದೇ ವಿಷಯದ ಮೇಲೆ ಎರಡು ಪುಟ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ರೇಡಾರಿಗೆ ಸುಲಭವಾಗಿ ಸಿಗದ ಹಾಗೆ ವಿಮಾನ ಕಟ್ಟುವ ಈ ಸ್ಟೆಲ್ತ್‌ಗೆ ಕನ್ನಡದಲ್ಲಿ ಏನನ್ನೋಣ?

‘ಅದೃಶ್ಯ’ ನಡೆಯುವುದಿಲ್ಲ, ಅದು ಯಲಹಂಕದಲ್ಲೇ ಗೊತ್ತಾಯಿತು. ‘ರಹಸ್ಯ ವಿಮಾನ’ ಅಂತಲೂ ಕೆಲವರು ಬರೆಯುತ್ತಾರೆ. ಟಿಕೆಟ್ ಕೊಂಡವರೆಲ್ಲ ಫೋಟೊ ತೆಗೆಯುವ ವಿಮಾನದಲ್ಲಿ ರಹಸ್ಯ ಎಲ್ಲಿಂದ ಬಂತು? ಅಮೆರಿಕದ ಎಫ್-117ಗೆ ಒಂದು ಕಾಲದಲ್ಲಿ ಈ ಮಾತು ಸಲ್ಲುತ್ತಿತ್ತು. ಅದು ಹಾರಿದ್ದು 1981ರಲ್ಲಿ, ಅಂಥದ್ದೊಂದು ಇದೆ ಎಂದು ಸರಕಾರ ಒಪ್ಪಿಕೊಂಡಿದ್ದು 1988ರಲ್ಲಿ. ಇನ್ನು ‘ಸದ್ದಿಲ್ಲದೆ ಬರುವ ವಿಮಾನ’. ಸುಖೋಯ್-57 ತಲೆಯ ಮೇಲೆ ಹಾದಾಗ ಕಿವಿ ಮುಚ್ಚಿಕೊಂಡವರು ಇದಕ್ಕೆ ಉತ್ತರ ಹೇಳಲಿ.

ಪದಕ್ಕೆ ಮೊದಲು ಕೆಲಸ ನೋಡೋಣ. ಕತ್ತಲಲ್ಲಿ ಕನ್ನಡಿಗೆ ನೇರವಾಗಿ ಟಾರ್ಚ್ ಬಿಟ್ಟರೆ ಬೆಳಕು ನಮ್ಮ ಮುಖಕ್ಕೇ ಬರುತ್ತದೆ. ಕನ್ನಡಿಯನ್ನು ಓರೆ ಮಾಡಿದರೆ ಬೆಳಕು ಇನ್ನೆಲ್ಲೋ ಹೋಗುತ್ತದೆ. ಸ್ಟೆಲ್ತ್ ವಿಮಾನದ ಮೈಯನ್ನು ಹೀಗೆ ಓರೆಯಾಗಿ ಕಡೆದಿರುತ್ತಾರೆ. ರೇಡಾರ್ ಕಳಿಸಿದ ಅಲೆ ರೇಡಾರಿಗೇ ವಾಪಸ್ ಹೋಗಬಾರದು, ಅಷ್ಟೇ. ಉಳಿದ ಅಲೆಯನ್ನು ಒಂದಿಷ್ಟು ಹೀರಿಕೊಳ್ಳಲು ಮೇಲೊಂದು ಲೇಪ. ಬಾಂಬು, ಕ್ಷಿಪಣಿಗಳನ್ನು ರೆಕ್ಕೆಗೆ ನೇತುಹಾಕದೆ ಹೊಟ್ಟೆಯೊಳಗೆ ಇಡುತ್ತಾರೆ.

ಇಷ್ಟೆಲ್ಲ ಮಾಡಿದರೂ ವಿಮಾನ ಮಾಯವಾಗುವುದಿಲ್ಲ. ಇದರ ಲೆಕ್ಕ ನನಗೆ ತುಂಬಾ ಇಷ್ಟ. ರೇಡಾರಿಗೆ ಕಾಣುವ ಗಾತ್ರವನ್ನು 10,000 ಪಟ್ಟು ಕುಗ್ಗಿಸಿದರೆ, ಕಾಣಿಸುವ ದೂರ ಕುಗ್ಗುವುದು ಬರೀ 10 ಪಟ್ಟು. 200 ಕಿಲೋಮೀಟರ್ ಆಚೆಯೇ ಸಿಕ್ಕಿಬೀಳಬೇಕಾದದ್ದು 20 ಕಿಲೋಮೀಟರಿನಲ್ಲಿ ಸಿಕ್ಕಿಬೀಳುತ್ತದೆ. ಶಬ್ದದ ವೇಗದಲ್ಲಿ ಬರುವ ವಿಮಾನಕ್ಕೆ 200 ಕಿಲೋಮೀಟರ್ ಅಂದರೆ ಸುಮಾರು 10 ನಿಮಿಷದ ದಾರಿ. 20 ಅಂದರೆ ಒಂದು ನಿಮಿಷ. ಕೆಳಗಿರುವವರ ಕೈಯಿಂದ ಕಿತ್ತುಕೊಳ್ಳುವುದು ಆ 9 ನಿಮಿಷವನ್ನು. ಅಂದರೆ ಸ್ಟೆಲ್ತ್ ಎಂದರೆ ಕಾಣದಿರುವುದಲ್ಲ, ತಡವಾಗಿ ಕಾಣುವುದು.

ಈ ವ್ಯತ್ಯಾಸ ಸೆರ್ಬಿಯಾದವರಿಗೆ ಚೆನ್ನಾಗಿ ಗೊತ್ತು. 1999ರ ಮಾರ್ಚ್ 27ರ ರಾತ್ರಿ ಅವರು ಒಂದು ಎಫ್-117ನ್ನು ಹೊಡೆದು ಬೀಳಿಸಿದರು. ಉಪಯೋಗಿಸಿದ್ದು ಹಳೇ ಕಾಲದ ಸೋವಿಯತ್ ಕ್ಷಿಪಣಿ, ಉದ್ದನೆಯ ಅಲೆಯ ಹಳೇ ರೇಡಾರ್. ಓರೆ ಮೈಯ ಉಪಾಯ ಸಣ್ಣ ಅಲೆಗಳ ಮುಂದೆ ನಡೆದಷ್ಟು ಉದ್ದದ ಅಲೆಗಳ ಮುಂದೆ ನಡೆಯುವುದಿಲ್ಲ. ಆಮೇಲೆ ಅಲ್ಲಿ ಒಂದು ಪೋಸ್ಟರ್ ಓಡಾಡಿತು. ಕ್ಷಮಿಸಿ, ಇದು ಅದೃಶ್ಯ ಅಂತ ನಮಗೆ ಗೊತ್ತಿರಲಿಲ್ಲ ಅನ್ನುವ ಅರ್ಥದ ಸಾಲು. ‘ಅದೃಶ್ಯ’ ಪದವನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿಮರ್ಶೆ ಮಾಡಿಲ್ಲ!

ಬೇರೆ ನುಡಿಗಳವರು ಏನು ಮಾಡಿದ್ದಾರೆ ಅಂತ ನೋಡಿದೆ. ಇಂಗ್ಲಿಷಿನ ಸ್ಟೆಲ್ತ್ ಹುಟ್ಟಿದ್ದು ಸ್ಟೀಲ್ ಅನ್ನುವ ಪದದಿಂದ, ಅಂದರೆ ಕದಿ. ಫ್ರೆಂಚರು ಫ್ಯುರ್ತಿಫ್ ಎನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನ ಕಳ್ಳ. ಜರ್ಮನ್ ಪತ್ರಿಕೆಗಳು ಟಾರ್ನ್‌ಕಾಪೆ ಎನ್ನುವ ಪದ ಸೇರಿಸಿ ಬರೆಯುತ್ತವೆ. ಅವರ ಹಳೇ ಕಥೆಯಲ್ಲಿ ವೀರ ಸೀಗ್‌ಫ್ರೀಡ್ ಕುಳ್ಳನೊಬ್ಬನಿಂದ ಗೆದ್ದುಕೊಂಡ ಮಾಯದ ಹೊದಿಕೆ ಅದು, ಹಾಕಿಕೊಂಡವರು ಕಾಣುವುದಿಲ್ಲ. ನಮ್ಮಲ್ಲಾದರೆ ಮೋಡದ ಮರೆಯಲ್ಲಿ ನಿಂತು ಬಾಣ ಬಿಟ್ಟ ಇಂದ್ರಜಿತು ನೆನಪಾಗುತ್ತಾನೆ. ರಷ್ಯನ್ನರದು ಎಂಜಿನಿಯರ್ ಮಾತು: ಮಾಲೊಜಾಮೆತ್ನಿ. ಕಡಿಮೆ ಕಣ್ಣಿಗೆ ಬೀಳುವಂಥದ್ದು ಎಂದರ್ಥ. ನಾಲ್ಕರಲ್ಲಿ ಸುಳ್ಳು ಹೇಳದ ಪದ ಇದೇ. ಚೀನಿಯರು ಯಿನ್‌ಶೆನ್ ಎನ್ನುತ್ತಾರೆ. ಯಿನ್ ಅಂದರೆ ಅಡಗಿಸು, ಶೆನ್ ಅಂದರೆ ಮೈ.

ಮೈ ಅಡಗಿಸುವವನು. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಪದ ‘ಮೈಗಳ್ಳ’!

ಇಲ್ಲಿ ನಾನು ಬರೆಯುವುದು ಬಿಟ್ಟು ಎರಡು ದಿನ ಕಳ್ಳರ ಹಿಂದೆ ಬಿದ್ದೆ. ‘ಕಳ್ಳ’ ಪದದ ಮೊದಲಿಗೆ ಬಂದರೆ ಒಂದು ಅರ್ಥ, ಕೊನೆಗೆ ಬಂದರೆ ಇನ್ನೊಂದು. ಕಳ್ಳನೋಟು, ಕಳ್ಳಬಟ್ಟಿ, ಕಳ್ಳಸಾಗಣೆ, ಇವೆಲ್ಲ ಕಾನೂನಿಗೆ ಹೊರಗಿನವು ಅಥವಾ ಖೋಟಾ. ಹಾಗಾಗಿ ‘ಕಳ್ಳವಿಮಾನ’ ಎಂದರೆ ಚಿನ್ನ ಸಾಗಿಸುವ ವಿಮಾನ ಅಂದುಕೊಳ್ಳುತ್ತಾರೆ. ಆದರೆ ಕಳ್ಳಹೆಜ್ಜೆ, ಕಳ್ಳನೋಟ ಹಾಗಲ್ಲ. ಅಲ್ಲಿ ಕಾನೂನಿನ ಮಾತೇ ಇಲ್ಲ. ಯಾರಿಗೂ ಗೊತ್ತಾಗದ ಹಾಗೆ ಅಂತ ಮಾತ್ರ ಅರ್ಥ. ಬರೀ ಒಂದು ಕೊಂಬಿನಲ್ಲಿ ಕಳ್ಳನೋಟಕ್ಕೂ ಕಳ್ಳನೋಟಿಗೂ ಎಷ್ಟು ದೂರ ನೋಡಿ.

ಕೊನೆಗೆ ಬಂದಾಗಲೂ ಎರಡು ದಾರಿ. ಸರಗಳ್ಳ ಸರ ಕದಿಯುತ್ತಾನೆ, ಮರಗಳ್ಳ ಮರ ಕದಿಯುತ್ತಾನೆ. ತೆರಿಗೆಗಳ್ಳ ತೆರಿಗೆಯನ್ನು ಕದಿಯುವುದಿಲ್ಲ, ತಪ್ಪಿಸಿಕೊಳ್ಳುತ್ತಾನೆ. ಕೆಲಸಗಳ್ಳನೂ ಹಾಗೇ. ಹಾಗಾದರೆ ‘ರೇಡಾರ್‌ಗಳ್ಳ’? ತೆರಿಗೆಗಳ್ಳನ ಸಾಲಿನಲ್ಲಿ ನಿಲ್ಲಿಸಿದರೆ ಅರ್ಥ ಸರಿಯಾಗಿಯೇ ಕೂರುತ್ತದೆ, ರೇಡಾರನ್ನು ತಪ್ಪಿಸಿಕೊಂಡು ಓಡಾಡುವವನು. ಸರಗಳ್ಳನ ಪಕ್ಕ ನಿಲ್ಲಿಸಿದರೆ ಯಾರೋ ರಾತ್ರಿ ಬಂದು ರೇಡಾರ್ ಬಿಚ್ಚಿಕೊಂಡು ಹೋದ ಹಾಗೆ. ಪೊಲೀಸ್ ಠಾಣೆಯ ಸುದ್ದಿ ಆಗಿಬಿಡುತ್ತದೆ. ಆದರೂ ನನಗೆ ಈ ಪದದ ಮೇಲೆ ಒಂದು ಕಣ್ಣಿದೆ. ಮಕ್ಕಳು ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತಾರೆ.

‘ಕಣ್ಮರೆ ವಿಮಾನ’ ಚೆನ್ನಾಗಿದೆ ಅಂತ ಗೆಳೆಯರೊಬ್ಬರು ಹೇಳಿದರು. ಚೆನ್ನಾಗೇನೋ ಇದೆ. ಆದರೆ ವಿಮಾನದ ವಿಷಯದಲ್ಲಿ ಕಣ್ಮರೆ ಅಂದ ಕೂಡಲೇ 2014ರಲ್ಲಿ 239 ಜನರೊಂದಿಗೆ ಕಾಣೆಯಾದ ಮಲೇಷ್ಯಾ ವಿಮಾನ ಕಣ್ಣ ಮುಂದೆ ಬರುತ್ತದೆ. ‘ಮರೆವಿಮಾನ’ ಎಂದು ಕೂಡಿಸಿ ಬರೆದರೆ ಮರೆವಿನ ಕಾಯಿಲೆ ಬಂದ ಹಾಗಿದೆ. ಹಳಗನ್ನಡದಲ್ಲಿ ‘ಮೈಗರೆ’ (ಮೈ + ಕರೆ) ಅನ್ನುವ ಸೊಗಸಾದ ಮಾತಿದೆ, ತನ್ನನ್ನು ತಾನು ಅಡಗಿಸಿಕೊಳ್ಳು ಎಂದರ್ಥ. ಯಿನ್‌ಶೆನ್‌ಗೆ ಅಳತೆ ತೆಗೆದು ಹೊಲಿದ ಹಾಗಿದೆ. ಸುದ್ದಿಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಗೊತ್ತು. ‘ಕರೆ’ ಅಂದರೆ ಫೋನ್ ಕಾಲ್ ಅನ್ನುವ ಕಾಲ ಇದು.

ಸದ್ಯಕ್ಕೆ ನಾನು ಬರೆದಿಟ್ಟಿರುವುದು ‘ರೇಡಾರಿನ ಕಣ್ತಪ್ಪಿಸುವ ವಿಮಾನ’. ಎರಡನೇ ಸಲದಿಂದ ಸುಮ್ನೆ ‘ಸ್ಟೆಲ್ತ್’. ಕಣ್ತಪ್ಪಿಸುವುದರಲ್ಲಿ ಸಿಕ್ಕಿಬೀಳುವ ಸಾಧ್ಯತೆಯೂ ಸೇರಿದೆ. ಮನೆಯಲ್ಲಿ ಅಮ್ಮನ ಕಣ್ತಪ್ಪಿಸಿ ಚಕ್ಕುಲಿ ತಿಂದವರಿಗೆ ಅದು ಗೊತ್ತು. ‘ಸ್ಟೆಲ್ಥ್’ ಅಂತ ಮಹಾಪ್ರಾಣ ಹಾಕುವವರೂ ಇದ್ದಾರೆ. ನಾಲಿಗೆಗೆ ಅಷ್ಟು ಕಷ್ಟ ಯಾಕೆ?

ಎರಡನೇ ತಕರಾರು ‘ತಲೆಮಾರು’. ಯುದ್ಧವಿಮಾನಗಳನ್ನು ತಂತ್ರಜ್ಞಾನದ ಮಟ್ಟ ನೋಡಿ ಒಂದನೇ, ಎರಡನೇ ಜನರೇಷನ್ ಅಂತ ಎಣಿಸುತ್ತಾರೆ, ಅದಕ್ಕೆ ಕನ್ನಡ ಇದು. ಪತ್ರಿಕೆಗಳಲ್ಲಿ ‘ಐದನೇ ತಲೆಮಾರಿನ ಯುದ್ಧವಿಮಾನ’ ನಿಂತುಬಿಟ್ಟಿದೆ. ‘ಪೀಳಿಗೆ’ಯೂ ಇದೆ, ಆದರೆ ಅದರ ಜೊತೆಗೆ ಯಾವಾಗಲೂ ‘ಯುವ’ ಬಂದು ಕೂತುಕೊಳ್ಳುತ್ತದೆ. ತಲೆಮಾರು ನನಗೆ ಒಪ್ಪಿಗೆ. ಗೋಳು ಬರುವುದು ರಫೇಲ್, ತೇಜಸ್ ಮಾರ್ಕ್-1ಎ ಹತ್ತಿರ. ಅವು ನಾಲ್ಕೂವರೆ ತಲೆಮಾರಂತೆ. ಅಜ್ಜ, ಅಪ್ಪ, ಆಮೇಲೆ ಅರ್ಧ ಮಗ? ಮನುಷ್ಯರ ವಂಶದಲ್ಲಿ ಅರ್ಧ ತಲೆಮಾರು ಹುಟ್ಟುವುದಿಲ್ಲ ಅಲ್ವಾ. ‘ನಾಲ್ಕು ದಾಟಿದ, ಐದು ಮುಟ್ಟದ’ ಅಂತ ಬಿಡಿಸಿ ಬರೆದರೆ ಸರಿ, ಆದರೆ ತಲೆಬರಹಕ್ಕೆ ಉದ್ದವಾಯಿತು.

ಎಣಿಕೆಯೂ ಎಲ್ಲ ಕಡೆ ಒಂದೇ ಇರಲಿಲ್ಲ. ಚೀನಾದ ಜೆ-20 ಮೊದಲ ಸಲ ಹಾರಿದ್ದು 2011ರ ಜನವರಿ 11ರಂದು, ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬೀಜಿಂಗ್‌ನಲ್ಲಿ ಇದ್ದಾಗಲೇ. ಹೊರಗಿನವರು ಅದನ್ನು ಐದನೇ ತಲೆಮಾರು ಅಂದರು. ಚೀನಿಯರ ಹಳೇ ಲೆಕ್ಕದಲ್ಲಿ ಅದು ನಾಲ್ಕನೆಯದು. ವಂಶಾವಳಿ ಯಾರು ಬರೆದರು ಅನ್ನುವುದರ ಮೇಲೆ ಮೊಮ್ಮಗ ಮರಿಮಗ ಆಗುತ್ತಾನೆ.

ಈಗ ಆರನೆಯದಕ್ಕೆ ಜಿದ್ದು. 2024ರ ಡಿಸೆಂಬರ್ 26ರಂದು ಚೆಂಗ್ಡು ನಗರದ ಮೇಲೆ ಬಾಲವೇ ಇಲ್ಲದ ಒಂದು ದೊಡ್ಡ ವಿಮಾನ ಹಾರಾಡಿತು. ಮೂರು ತಿಂಗಳೊಳಗೆ, 2025ರ ಮಾರ್ಚ್ 21ರಂದು ಅಮೆರಿಕ ತನ್ನ ಆರನೇ ತಲೆಮಾರಿನ ಎಫ್-47 ಕಟ್ಟುವ ಕೆಲಸವನ್ನು ಬೋಯಿಂಗ್‌ಗೆ ಕೊಟ್ಟಿತು. ಬ್ರಿಟನ್, ಜಪಾನ್, ಇಟಲಿ ಸೇರಿ 2035ಕ್ಕೆ ಅಂತ ಒಂದು ಮಾಡುತ್ತಿವೆ. ನಮ್ಮದು ಐದನೆಯದೇ ಇನ್ನೂ ಆಗಬೇಕು. ಎಎಂಸಿಎ ಹೆಸರಿನ ಅದರ ವಿನ್ಯಾಸ ನಡೆಯುತ್ತಿರುವುದು ಬೆಂಗಳೂರಿನ ಎಡಿಎಯಲ್ಲಿ (ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ). 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ತೇಜಸ್‌ಗೆ 2003ರಲ್ಲಿ ವಾಜಪೇಯಿ ಹೆಸರಿಟ್ಟ ಹಾಗೆ ಇದಕ್ಕೂ ಮುಂದೆ ಯಾರಾದರೂ ಹೆಸರಿಡುತ್ತಾರೆ. ‘ಅದೃಶ್ಯ’ ಅಂತ ಮಾತ್ರ ಇಡದಿದ್ದರೆ ಸಾಕು.

ಈ ಆರನೇ ತಲೆಮಾರಿನ ಜೊತೆ ಪೈಲಟ್ ಇಲ್ಲದ ಡ್ರೋನ್‌ಗಳೂ ಹಾರಬೇಕಂತೆ. ಅವಕ್ಕೆ ಇಂಗ್ಲಿಷಿನಲ್ಲಿ ಲಾಯಲ್ ವಿಂಗ್‌ಮನ್ ಎನ್ನುತ್ತಾರೆ. ‘ನಿಷ್ಠಾವಂತ’ ಅಂದರೆ ಪಕ್ಷದ ಕಾರ್ಯಕರ್ತ ಅನ್ನಿಸುತ್ತದೆ. ‘ಜೊತೆಹಾರಿ’ ಅಂತ ಬರೆದಿದ್ದೇನೆ. ಬೈಯುವವರು ಬೈಯಬಹುದು.

ಇನ್ನೊಂದು ವಿಷಯ, ಅನುವಾದ ಮಾಡುವವರಿಗೆ ಖುಷಿ ಆಗುತ್ತದೆ. ಅಲೆಗಳು ಅಂಚಿಗೆ ಬಡಿದು ಹೇಗೆ ಚೆದುರುತ್ತವೆ ಅನ್ನುವ ಲೆಕ್ಕ ಬರೆದವರು ಪ್ಯೋತರ್ ಉಫಿಮ್‌ತ್ಸೆವ್ ಎಂಬ ಸೋವಿಯತ್ ವಿಜ್ಞಾನಿ. 1962ರಲ್ಲಿ ಮಾಸ್ಕೋದಲ್ಲಿ ಅದು ಬಹಿರಂಗವಾಗಿಯೇ ಅಚ್ಚಾಯಿತು. ಅಮೆರಿಕದ ವಾಯುಪಡೆ 1971ರಲ್ಲಿ ಅದನ್ನು ಇಂಗ್ಲಿಷಿಗೆ ಮಾಡಿಸಿತು. ಆ ಅನುವಾದವನ್ನು ಲಾಕ್‌ಹೀಡ್ ಕಂಪನಿಯ ಡೆನಿಸ್ ಓವರ್‌ಹೋಲ್ಸರ್ ಓದಿದರು. ಎಫ್-117 ಹುಟ್ಟಿದ ಕಥೆಯಲ್ಲಿ ಅದೂ ಸೇರಿದೆ. ಆಗಿನ ಕಂಪ್ಯೂಟರುಗಳಿಗೆ ಬಾಗಿದ ಮೈಯ ಲೆಕ್ಕ ಮಾಡಲಾಗದೆ, ಹಲಗೆ ಹಲಗೆ ಜೋಡಿಸಿದ ಹಾಗೆ ಚಪ್ಪಟೆ ಮುಖಗಳಿಂದ ಅದನ್ನು ಕಟ್ಟಿದರು. ಎದುರಾಳಿಯ ಪುಸ್ತಕವನ್ನು ತರ್ಜುಮೆ ಮಾಡಿದ ಆ ಗುಮಾಸ್ತನಿಗೆ ಪುಟಕ್ಕೆ ಎಷ್ಟು ಕೊಟ್ಟಿದ್ದರೋ.

ಕೊನೆಗೆ ನನ್ನ ಪ್ರಶ್ನೆ. ಬೆಕ್ಕು ಇಲಿಯ ಕಡೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಒಂದೊಂದೇ ಕಾಲು ಎತ್ತಿಟ್ಟು ಹೋಗುತ್ತದಲ್ಲ, ಆ ನಡಿಗೆಗೆ ನಿಮ್ಮ ಕಡೆ ಏನಂತಾರೆ? ‘ಹೊಂಚು’ ಅನ್ನಬೇಡಿ, ಅದು ಒಂದೇ ಕಡೆ ಕೂತು ಕಾಯುವುದು. ನನಗೆ ಬೇಕಾಗಿರುವುದು ಚಲಿಸುವ ಮಾತು. ಮಲೆನಾಡಿನ ಶಿಕಾರಿ ಕಥೆ ಕೇಳಿ ಬೆಳೆದವರು, ಕುರಿ ಕಾಯುತ್ತ ತೋಳ ನೋಡಿದವರು, ಕರಾವಳಿಯಲ್ಲಿ ಕೊಕ್ಕರೆ ನೋಡಿದವರು ಯಾರಾದರೂ ಇದ್ದರೆ ಹೇಳಿ. ಗೋಡೆಪತ್ರಿಕೆಗೆ ಮುಂದಿನ ಶನಿವಾರ ಕೊಡಬೇಕು. ಅಷ್ಟರೊಳಗೆ ಸಿಕ್ಕರೆ ‘ರೇಡಾರಿನ ಕಣ್ತಪ್ಪಿಸುವ’ ಅನ್ನುವುದನ್ನು ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.