ಕಾಡಂಚಿನ ತೋಟಕ್ಕೆ ಬೆಂಕಿ ಗೆರೆ ಎಷ್ಟು ಅಗಲ ಬೇಕು?

ತಿತಿಮತಿ ಹುಡುಗಿ: ನಮ್ಮ 4 ಎಕರೆ ರೋಬಸ್ಟಾ ಕಾಫಿ ತೋಟದ ಬೇಲಿ ದಾಟಿದರೆ ನಾಗರಹೊಳೆ ಕಾಡು. ಫೆಬ್ರವರಿ ಅರ್ಧ ಆಯ್ತು, ಲಂಟಾನ ಕಳೆಪೊದೆ ಒಣಗಿ ಸೌದೆಯಾಗಿದೆ. ಈಚೆ ಕಡೆ ಸಿಲ್ವರ್ ಓಕ್ ತರಗೆಲೆ ಪಾದ ಮುಳುಗುವಷ್ಟು. ಹೋದ ವರ್ಷ ರಾತ್ರಿ ಹೊಗೆ ವಾಸನೆಗೆ ಎದ್ದು, ಅಪ್ಪ ನಾನು ಹಸಿ ಸೊಪ್ಪು ಹಿಡಿದು ಬಡಿದದ್ದೇ ಬಡಿದದ್ದು. ಈ ಸಲ ಅಂಚಿಗೆ ಈಗಲೇ ಸ್ಪ್ರಿಂಕ್ಲರ್ ಬಿಡಲಾ?

ಹಳೇ ಬೆಳೆಗಾರ: ಅಯ್ಯೋ, ಬೇಡಮ್ಮ! ಅರೆಬರೆ ನೀರು ಬಿದ್ದರೆ ಮೊಗ್ಗು ಸರಿಯಾಗಿ ಅರಳದೆ ಕೆಡುತ್ತೆ. ಬಿಟ್ಟರೆ ಪೂರ್ತಿ ಬಿಡಬೇಕು. ಬೆಂಕಿ ಗೆರೆ ಅಂತ ನಾನು ಅಂಚಿನುದ್ದಕ್ಕೂ 12 ಅಡಿ ಅಗಲ ಬರೀ ಮಣ್ಣು ಕಾಣೋ ಹಾಗೆ ಕೆರೆಸ್ತೇನೆ. ಗುಡಿಸಿದ ಎಲೆ ಗುಂಡಿಗೆ ಹಾಕಿ, ಸುಡೋಕೆ ಹೋಗಬೇಡಿ. ಮಧ್ಯಾಹ್ನದ ಗಾಳಿ ಯಾರ ಮಾತೂ ಕೇಳಲ್ಲ.

ಕುಟ್ಟದವ: ಬೇಲಿ ಆಚೆ ಲಂಟಾನ ನೀವೇ ಕಡಿಯಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ. ಬೆಂಕಿ ಕಾಯೋ ಫೈರ್ ವಾಚರ್ ನಂಬರ್ ಇರಲಿ, ಇಲ್ಲಾಂದ್ರೆ ಅರಣ್ಯ ಸಹಾಯವಾಣಿ 1926. ರಾತ್ರಿ ಮಾತ್ರ ಒಬ್ಬರೇ ಹೋಗಬೇಡಿ; ಬೆಂಕಿಗೆ ಬೆದರಿದ ಆನೆ ತೋಟಕ್ಕೇ ಇಳಿಯುತ್ತೆ.

ತಿತಿಮತಿ ಹುಡುಗಿ: 12 ಅಡಿ ಅಂದ್ರೆ ಒಂದು ಸಾಲು ಗಿಡ ಹೋಯ್ತು ಅಣ್ಣ! ಅಪ್ಪನ್ನ ಒಪ್ಪಿಸೋದು ಬೆಂಕಿ ಆರಿಸೋದಕ್ಕಿಂತ ಕಷ್ಟ. ನಾಳೆ ಎಲೆ ಗುಡಿಸೋದು ಶುರು ಮಾಡ್ತೀನಿ. ಕಾಫಿ ಹೂ ಅರಳಿಸೋ ಹೂಮಳೆ ಬೇಗ ಬಂದ್ರೆ ಬಚಾವ್.