ಚಿಕ್ಕಮಗಳೂರು–ಮೂಡಿಗೆರೆ ಮಿನಿಬಸ್: ದಿನಾ ಓಡಾಡೋಕೆ ನಂಬಬಹುದಾ?

ಹೊಸ ಪ್ರಯಾಣಿಕ:
ಮನೆ ಚಿಕ್ಕಮಗಳೂರು, ಮುಂದಿನ ತಿಂಗಳಿಂದ ಕೆಲಸ ಮೂಡಿಗೆರೆಯಲ್ಲಿ. ಆಲ್ದೂರು ಮೇಲೆ ಹೋಗೋ ಖಾಸಗಿ ಮಿನಿಬಸ್ಸುಗಳು ಮೇಲಿಂದ ಮೇಲೆ ಇವೆ ಅಂತಾರೆ. 9.30ಕ್ಕೆ ಆಫೀಸಲ್ಲಿ ಇರಬೇಕು. ಸುಮಾರು 30 ಕಿ.ಮೀ.ಗೆ ಎಷ್ಟು ಹೊತ್ತು ಇಟ್ಕೋಬೇಕು? ತಿರುವಲ್ಲಿ ಹೊಟ್ಟೆ ತೊಳೆಸುತ್ತೆ, ಯಾವ ಸೀಟು ಒಳ್ಳೇದು? ಮನೆಯವರೂ ಆಗಾಗ ಬರ್ತಾರೆ, ಇದರಲ್ಲಿ ಶಕ್ತಿ ಟಿಕೆಟ್ (ಹೆಂಗಸರ ಉಚಿತ ಪ್ರಯಾಣ) ನಡೆಯುತ್ತಾ?

ಟೈಮ್ ಕೀಪರ್:
ಗಾಡಿ ಬೇಕಾದಷ್ಟಿವೆ, ಆದರೆ ಸಮ ಅಂತರದಲ್ಲಿ ಬರಲ್ಲ. ಪ್ರತಿ ಗಾಡಿಗೂ ಪರ್ಮಿಟ್ಟಿನ ಜೊತೆ ಒಂದು ಟೈಮಿಂಗ್ ಇರುತ್ತೆ. ಸ್ಟ್ಯಾಂಡ್ ಬಿಟ್ಟ ಮೇಲೆ ಊರಾಚೆವರೆಗೂ ಜನ ಕೂಗಿ ತುಂಬಿಸ್ತಾ ಆಮೆ ನಡಿಗೆ. ಹಿಂದಿನ ಗಾಡಿ ಕನ್ನಡಿಯಲ್ಲಿ ಕಂಡ ತಕ್ಷಣ ಓಟ. ಮುಂದಿನದು ತಡ ಆದಷ್ಟೂ ಪ್ರತಿ ಸ್ಟಾಪಲ್ಲೂ ಜನ ಜಾಸ್ತಿ ಸೇರಿರ್ತಾರೆ, ಅವರನ್ನ ಹತ್ತಿಸಿಕೊಳ್ಳೋದರಲ್ಲಿ ಇನ್ನೂ ತಡ. ಕೊನೆಗೆ ಎರಡು ಗಾಡಿ ಬೆನ್ನಿಗೆ ಬೆನ್ನು ಬರುತ್ವೆ, ಆಮೇಲೆ ರಸ್ತೆ ಖಾಲಿ. ಹೀಗೆ ಜೋಡಿಯಾಗಿ ಬಂದರೆ ಹಿಂದಿನದಕ್ಕೆ ಹತ್ತಿ, ಸೀಟು ಸಿಗೋದು ಅದರಲ್ಲೇ.

ಒಂದೂಕಾಲು ಗಂಟೆ ಇಟ್ಕೊಳ್ಳಿ, 8 ಗಂಟೆಗೆ ಗಾಡಿಯೊಳಗೆ ಇರಿ. ಹತ್ತೋದು ಸ್ಟ್ಯಾಂಡಿನಲ್ಲೇ, ದಾರಿಯ ಸ್ಟಾಪಲ್ಲಿ ಅಲ್ಲ. ಡಿಸೆಂಬರಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಬೆಳಿಗ್ಗೆ ತೋಟದ ಗೇಟುಗಳ ಹತ್ತಿರ ಇಳಿಯೋರು, ಸಂಜೆ ಅಲ್ಲೇ ಹತ್ತೋರು, ಹತ್ತು ಹದಿನೈದು ನಿಮಿಷ ಅದಕ್ಕೇ ಹೋಗುತ್ತೆ. ತೋಟದ ಕೂಲಿ ಬಟವಾಡೆ ದಿನ, ಸಂತೆ ದಿನ ಸಂಜೆ ಚೀಲಗಳ ಮಧ್ಯೆ ನಿಲ್ಲೋಕೂ ಜಾಗ ಇರಲ್ಲ. ಜುಲೈ, ಆಗಸ್ಟಲ್ಲಿ ಮರ ಬಿದ್ದರೆ ಯಾವ ಲೆಕ್ಕವೂ ನಡೆಯಲ್ಲ.

ಕಿಟಕಿ ಪಕ್ಕ:
ಸೀಟಿನ ವಿಷಯ. ಹಿಂದಿನ ಚಕ್ರದಿಂದ ಆಚೆಗಿನ ಸಾಲುಗಳು ಬೇಡವೇ ಬೇಡ. ಮಿನಿಬಸ್ಸಿಗೆ ಎರಡು ಆಕ್ಸಲ್ ನಡುವಿನ ಉದ್ದ ಕಮ್ಮಿ, ಚಕ್ರದ ಹಿಂದೆ ಬಾಡಿ ಚಾಚಿಕೊಂಡಿರುತ್ತೆ, ಗುಂಡಿಗೆ ಇಳಿದರೆ ಬಾಲದ ಕಡೆ ಎತ್ತಿ ಒಗೆಯುತ್ತೆ. ಕೆಳಗಿರೋದು ಭಾರ ಹೊರೋಕೆ ಮಾಡಿದ ಗಟ್ಟಿ ಪಟ್ಟಾ ಸ್ಪ್ರಿಂಗ್, ಅದಕ್ಕೇ ಗಾಡಿ ಖಾಲಿ ಇದ್ದಾಗಲೇ ಕುಲುಕಾಟ ಜಾಸ್ತಿ. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂರಿಸಿದರೆ ಇಂಜಿನ್ ಬಿಸಿ, ಡೀಸೆಲ್ ವಾಸನೆ, ಅದೂ ಬೇಡ. ಡ್ರೈವರ್ ಹಿಂದಿನ ಎರಡನೇ, ಮೂರನೇ ಸಾಲು ಸರಿ. ಮೊಬೈಲ್ ಒಳಗಿಟ್ಟು ಮುಂದಿನ ರಸ್ತೆ ನೋಡಿ. ಮಾತ್ರೆ ತಗೊಳ್ಳೋದಾದರೆ ಹತ್ತೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ, ಅದೂ ಡಾಕ್ಟರನ್ನ ಕೇಳಿ: ಅವೋಮಿನ್ ಥರದವು ನಿದ್ದೆ ತರಿಸುತ್ವೆ, ಆಫೀಸಿಗೆ ಹೋಗೋರಿಗೆ ಅಷ್ಟು ಒಳ್ಳೇದಲ್ಲ. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ.

ಚಿಲ್ಲರೆ ಇದ್ಯಾ:
ಶಕ್ತಿ ಯೋಜನೆ 2023ರ ಜೂನ್ 11ರಿಂದ ಇರೋದು ಸರ್ಕಾರಿ ಬಸ್ಸಿಗೆ ಮಾತ್ರ. ಮಿನಿಬಸ್ಸಲ್ಲಿ ಮನೆಯವರಿಗೂ ದುಡ್ಡು ಕೊಡಬೇಕು. ದರ ಸ್ಟೇಜ್ ಲೆಕ್ಕ (ದಾರಿಯನ್ನ ದರಕ್ಕಾಗಿ ಭಾಗ ಮಾಡಿರ್ತಾರೆ), ಎರಡು ಸ್ಟೇಜಿನ ಮಧ್ಯೆ ಇಳಿದರೂ ಮುಂದಿನ ಸ್ಟೇಜಿನವರೆಗೆ ಕೊಡಬೇಕಾಗುತ್ತೆ. ಜಗಳ ಆಡೋದು ದಂಡ. ₹10, ₹20 ನೋಟು ಇಟ್ಕೊಳ್ಳಿ. ಟಿಕೆಟ್ ಕೊಡದಿದ್ದರೆ ಕೇಳಿ ಇಸ್ಕೊಳ್ಳಿ. ಅಪಘಾತ ಆದಾಗ ಆ ಗಾಡಿಯಲ್ಲಿ ಇದ್ದಿರಿ ಅನ್ನೋದಕ್ಕೆ ಆ ಚೀಟಿ ಬೇಕಾಗುತ್ತೆ.

ಇನ್ನೊಂದು: ಸ್ಟ್ಯಾಂಡ್ ಹೊರಗೆ "ಮೂಡಿಗೆರೆ ಮೂಡಿಗೆರೆ" ಅಂತ ಕೂಗೋ ಮ್ಯಾಕ್ಸಿಕ್ಯಾಬಿಗೂ ಮಿನಿಬಸ್ಸಿಗೂ ವ್ಯತ್ಯಾಸ ಇದೆ. ಕಾನೂನಲ್ಲಿ ಮ್ಯಾಕ್ಸಿಕ್ಯಾಬ್ ಅಂದರೆ ಡ್ರೈವರ್ ಬಿಟ್ಟು ಗರಿಷ್ಠ 12 ಜನ. ಕಾಂಟ್ರಾಕ್ಟ್ ಪರ್ಮಿಟ್ ಇದ್ದರೆ ಇಡೀ ಗಾಡಿ ಬಾಡಿಗೆಗೆ ಕೊಡಬೇಕು, ದಾರಿಯಲ್ಲಿ ತಲೆ ಲೆಕ್ಕದಲ್ಲಿ ಹತ್ತಿಸೋ ಹಾಗಿಲ್ಲ. ಏನಾದರೂ ಆದರೆ ವಿಮಾ ಕಂಪನಿ ಮೊದಲು ತಕರಾರು ತೆಗೆಯೋದು ಅಲ್ಲೇ. ಮಿತಿ ಮೀರಿ ತುಂಬಿದರೆ ಮೋಟಾರು ವಾಹನ ಕಾಯ್ದೆಯ 194ಎ ಕಲಂ ಪ್ರಕಾರ ಹೆಚ್ಚುವರಿ ತಲೆಗೆ ₹200 ದಂಡ ಇದೆ. ದೂರು ಕೊಡೋದಾದರೆ ಗಾಡಿ ನಂಬರು, ಸಮಯ, ಜಾಗ ಬರೆದು ಆರ್‌ಟಿಒಗೆ ಕೊಡಿ.

ಹೊಸ ಪ್ರಯಾಣಿಕ:
ಥ್ಯಾಂಕ್ಸ್. ಸಂಜೆ ಕೊನೆ ಗಾಡಿ ನಂಬಬಹುದಾ?

ಟೈಮ್ ಕೀಪರ್:
ಅದು ರಾತ್ರಿ ಎಲ್ಲಿ ಹಾಲ್ಟ್ ಅನ್ನೋದರ ಮೇಲಿದೆ. ಚಿಕ್ಕಮಗಳೂರು ಹಾಲ್ಟ್ ಆದರೆ ಜನ ಇರಲಿ ಬಿಡಲಿ ವಾಪಸ್ ಬರಲೇಬೇಕು. ಮೂಡಿಗೆರೆ ಕಡೆ ಹಾಲ್ಟ್ ಇರೋ ಗಾಡಿ ಹತ್ತು ಜನ ಸಿಗದಿದ್ದರೆ ಟ್ರಿಪ್ ಕಟ್ ಮಾಡುತ್ತೆ. ಬೆಳಿಗ್ಗೆ ಹತ್ತುವಾಗಲೇ ಕಂಡಕ್ಟರನ್ನ ಕೇಳಿಡಿ.